ವಿಶ್ವವ್ಯವಸ್ಥೆ ಬದಲಾಗಿದೆ, ಹೋಬಳಿಗೆ ತಿಳಿಸಿ

ಅಮೆರಿಕದ ವಿದೇಶಾಂಗ ನೀತಿಯನ್ನು ಅರೆದು ಕುಡಿದ ವಿದ್ವಾಂಸರಿಗೆ ದೇವನಹಳ್ಳಿ ತಾಲ್ಲೂಕೆಂದರೆ ಬಲು ಪ್ರೀತಿ. ಇಡೀ ತಾಲ್ಲೂಕಲ್ಲ, ವಿಮಾನದ ಬಾಗಿಲಿನಿಂದ ಟ್ಯಾಕ್ಸಿಯ ಬಾಗಿಲಿನವರೆಗಿನ ಭಾಗ. ಅದರಾಚೆ ಹೆದ್ದಾರಿಯ ಎರಡು ಮಗ್ಗುಲಲ್ಲಿ ಏನಿದೆ, ಯಾರಿದ್ದಾರೆ ಎಂಬುದು ಅವರ ಪರಿಣತಿಯ ಸರಹದ್ದಿನೊಳಗೆ ಬರುವುದಿಲ್ಲ. ಕಾರಿನಲ್ಲಿ ಕೂತೊಡನೆ ಫೋನು ತೆಗೆದು, ಅಮೆರಿಕದ ಅಧ್ಯಕ್ಷರು ರಾತ್ರಿ ಏನು ಬರೆದು ಹಾಕಿದ್ದಾರೆ ಎಂದು ನೋಡುತ್ತಾರೆ. ಅಧ್ಯಕ್ಷರು ಏನೂ ಬರೆಯದೆ ಮಲಗಿಬಿಟ್ಟಿದ್ದರೆ ವಿದ್ವಾಂಸರಿಗೆ ಅವತ್ತು ನಿರ್ಜಲ ಏಕಾದಶಿ.

ಬಂದವರೆಲ್ಲ ಹೇಳುವುದು ಒಂದೇ ಮಾತು: ವಿಶ್ವವ್ಯವಸ್ಥೆ ಬದಲಾಗುತ್ತಿದೆ. ಬದಲಾಯಿತು ಅನ್ನುವುದಿಲ್ಲ, ಅಂದರೆ ಮುಂದಿನ ವರ್ಷ ಕರೆಯುವವರಿಲ್ಲ. ಬದಲಾಗದು ಅನ್ನುವುದೂ ಇಲ್ಲ, ಅಂದರೆ ಈ ವರ್ಷವೇ ಕರೆಯುವವರಿಲ್ಲ. ಹಿಂದೆ ನಮ್ಮ ಕಡೆ ನಸುಕಿನಲ್ಲಿ ಬುಡಬುಡಿಕೆಯವನು ಬಂದು, ಈ ಮನೆಗೆ ಒಂದು ಬದಲಾವಣೆ ಬರ್ತಾ ಐತೆ ಅನ್ನುತ್ತಿದ್ದ. ಯಾವ ಬದಲಾವಣೆ, ಯಾವಾಗ ಎಂದು ಕೇಳುವಷ್ಟರಲ್ಲಿ ಪಕ್ಕದ ಮನೆ ಮುಂದೆ ಇರುತ್ತಿದ್ದ. ಅವನಿಗೆ ಒಂದು ಮೊರ ರಾಗಿ, ಹಳೆಯದೊಂದು ಅಂಗಿ ಸಾಕಿತ್ತು. ಇವರಿಗೆ ವಿಮಾನದ ಟಿಕೆಟ್ಟು, ಎರಡು ರಾತ್ರಿಯ ವಾಸ, ನೆನಪಿನ ಕಾಣಿಕೆ, ಆಮೇಲೆ ಭಾಷಣವನ್ನು ಪುಸ್ತಕದಲ್ಲಿ ಅಧ್ಯಾಯ ಮಾಡಿಕೊಡುವ ಆಶ್ವಾಸನೆ ಬೇಕು.

ಈ ವಿದ್ಯೆಗೆ ಪರಂಪರೆ ಇದೆ. 1989ರಲ್ಲಿ ಫ್ರಾನ್ಸಿಸ್ ಫುಕುಯಾಮ ಇತಿಹಾಸ ಮುಗಿಯಿತೇ ಎಂದು ಲೇಖನ ಬರೆದರು. 1992ರಲ್ಲಿ ಅದು ಪುಸ್ತಕವಾಗುವ ಹೊತ್ತಿಗೆ ಶೀರ್ಷಿಕೆಯ ಪ್ರಶ್ನಾರ್ಥಕ ಚಿಹ್ನೆ ಉದುರಿಹೋಗಿತ್ತು. 1993ರಲ್ಲಿ ಸ್ಯಾಮ್ಯುಯೆಲ್ ಹಂಟಿಂಗ್ಟನ್ ನಾಗರಿಕತೆಗಳ ಸಂಘರ್ಷವೇ ಎಂದು ಲೇಖನದಲ್ಲಿ ಕೇಳಿದರು. 1996ರ ಪುಸ್ತಕದಲ್ಲಿ ಅಲ್ಲಿಯೂ ಪ್ರಶ್ನಾರ್ಥಕ ಮಾಯ. ವಿದ್ವತ್ತು ಬಲಿಯುವುದು ಹೀಗೆ. ಲೇಖನಕ್ಕೆ ಅನುಮಾನ ನಡೆಯುತ್ತದೆ, ಪುಸ್ತಕದಂಗಡಿಯಲ್ಲಿ ಅನುಮಾನ ಮಾರಾಟವಾಗುವುದಿಲ್ಲ. 2008ರಲ್ಲಿ ಫರೀದ್ ಝಕಾರಿಯ ಅಮೆರಿಕೋತ್ತರ ಜಗತ್ತಿನ ಬಗ್ಗೆ ಪುಸ್ತಕ ತಂದರು. ಅದೇ 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಮೆರಿಕ ಹಿಂದೆ ಬಿದ್ದ ಜಗತ್ತನ್ನು ವಿದ್ವಾಂಸರು ವಿವರಿಸುತ್ತಿದ್ದಾಗ, ಅವರ ಹಿಂದೆಯೇ ಮಲ್ಲೇಶ್ವರ, ಜಯನಗರಗಳ ಮಕ್ಕಳು ಎರಡೆರಡು ಸೂಟ್‌ಕೇಸು, ಒಂದು ಉಪ್ಪಿನಕಾಯಿ ಜಾಡಿ ಹಿಡಿದು ಅಮೆರಿಕಕ್ಕೆ ಸಾಲುಗಟ್ಟಿದ್ದರು.

ವಿಚಾರ ಸಂಕಿರಣ ನಡೆಯುವುದು ನಂದಿಬೆಟ್ಟ ಕಾಣುವ ರೆಸಾರ್ಟಿನಲ್ಲಿ. ವೇದಿಕೆಯ ಹಿಂದೆ ಭೂಗೋಳದ ಚಿತ್ರ, ಅದರ ಮೇಲೆ ಅತ್ತಿಂದಿತ್ತ ಬಾಣಗಳು. ಮೊದಲ ಗೋಷ್ಠಿ ಅಮೆರಿಕ, ಎರಡನೆಯದು ಚೀನಾ. ಬಡದೇಶಗಳ ಗೋಷ್ಠಿಯನ್ನು ಊಟದ ನಂತರಕ್ಕೆ ಇಟ್ಟಿರುತ್ತಾರೆ, ನಿದ್ದೆಗೆ ಅನುಕೂಲವಾಗಲೆಂದು. ಪ್ರಶ್ನೋತ್ತರದಲ್ಲಿ ನಿವೃತ್ತ ರಾಯಭಾರಿಯೊಬ್ಬರು ಎದ್ದು, ನನ್ನದು ಪ್ರಶ್ನೆಯಲ್ಲ, ಸಣ್ಣದೊಂದು ಅಭಿಪ್ರಾಯ ಎಂದು ಶುರುಮಾಡಿ, ಕಾಫಿ ಆರಿ ಕೆನೆಗಟ್ಟುವ ತನಕ ತಾವು ಕಿಸಿಂಜರ್ ಪಕ್ಕ ಕೂತ ಸಂದರ್ಭವನ್ನು ಹೇಳುತ್ತಾರೆ. ಸಭೆಯಲ್ಲಿ ದೊಡ್ಡಬಳ್ಳಾಪುರದವನೆಂದರೆ ಮೈಕು ಹಿಡಿದು ಓಡಾಡುವ ಹುಡುಗ. ಅವನ ಅಕ್ಕ ಅಪಾರೆಲ್ ಪಾರ್ಕಿನಲ್ಲಿ ಅಮೆರಿಕದವರ ಅಂಗಿಗೆ ಕಾಲರ್ ಕೂರಿಸುತ್ತಾಳೆ. ಸುಂಕ ಸಮರದ ಗೋಷ್ಠಿಯಲ್ಲಿ ಆ ಮೈಕು ಎಲ್ಲರ ಬಾಯಿಗೂ ಹೋಗುತ್ತದೆ, ಅವನದೊಂದನ್ನು ಬಿಟ್ಟು.

ಇರಲಿ. ರೆಸಾರ್ಟಿನಿಂದ ದೇವನಹಳ್ಳಿ ಕೋಟೆ ದೂರವೇನಿಲ್ಲ. ಊಟದ ವಿರಾಮದಲ್ಲಿ ಹೋಗಿ ಬಂದರೂ ಸಾಕಿತ್ತು. ಅಮೆರಿಕಕ್ಕೂ ಈ ತಾಲ್ಲೂಕಿಗೂ ನಂಟು ಬಿದ್ದದ್ದು ಫೋನಿನ ಕಾರ್ಖಾನೆಯಿಂದಲ್ಲ ಎಂದು ತಿಳಿಯುತ್ತಿತ್ತು. 1749ರಲ್ಲಿ ಮೈಸೂರಿನ ದಂಡು ಈ ಕೋಟೆಗೆ ಮುತ್ತಿಗೆ ಹಾಕಿದಾಗ ಹೈದರ್ ಅಲಿ ಎಂಬ ಸಿಪಾಯಿ ಮೇಲಿನವರ ಕಣ್ಣಿಗೆ ಬಿದ್ದ. ಅವನ ಮಗ ಟಿಪ್ಪು ಹುಟ್ಟಿದ್ದು ಇಲ್ಲೇ. ಹುಟ್ಟಿದ ಜಾಗದಲ್ಲಿ ಕಲ್ಲಿನ ಪುಟ್ಟದೊಂದು ಮಂಟಪವಿದೆ. ಹೈದರನ ಹೆಸರು ಎಷ್ಟು ದೂರ ಹೋಯಿತೆಂದರೆ, 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ನೌಕೆಯನ್ನು ಬಡಿದು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿಗೆ ‘ಹೈದರ್ ಆಲಿ’ ಎಂದೇ ನಾಮಕರಣವಾಗಿತ್ತು. ನಾಯಕ ಜೋಶುವಾ ಬಾರ್ನಿ. ಹೈದರನಿಗೂ ಬಾರ್ನಿಗೂ ಪರಿಚಯವಿಲ್ಲ, ಜಂಟಿ ಹೇಳಿಕೆ ಇಲ್ಲ, ಅಪ್ಪುಗೆಯ ಫೋಟೊ ಇಲ್ಲ. ಇಬ್ಬರ ಶತ್ರುವೂ ಒಬ್ಬನೇ ಎಂಬುದೊಂದೇ ಗೆಳೆತನ. ಭಾರತ ಮತ್ತು ಅಮೆರಿಕದ ಸಂಬಂಧ ಅಷ್ಟು ಪ್ರಾಮಾಣಿಕವಾಗಿ ಮತ್ತೆ ಇದ್ದಂತಿಲ್ಲ.

ಅದರ ಹಿಂದಿನ ವರ್ಷ, 1781ರ ಅಕ್ಟೋಬರ್‌ನಲ್ಲಿ, ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್‌ಗೆ ಸೋತು ಶರಣಾದವನು ಲಾರ್ಡ್ ಕಾರ್ನ್‌ವಾಲಿಸ್. ಕತ್ತಿ ಒಪ್ಪಿಸುವ ದಿನ ಮೈಗೆ ಹುಷಾರಿಲ್ಲವೆಂದು ಹೇಳಿ ಕೈಕೆಳಗಿನವನನ್ನು ಕಳಿಸಿದ. ಒಂದು ಖಂಡವನ್ನೇ ಕಳೆದುಕೊಂಡು ಬಂದವನಿಗೆ ಲಂಡನ್ನಿನವರು ಬಡ್ತಿ ಕೊಟ್ಟರು. 1786ರಲ್ಲಿ ಅವನು ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದ. ಆ ಕಾಲದಲ್ಲೂ ನಮ್ಮ ವಿದ್ವಾಂಸರಿದ್ದಿದ್ದರೆ, ಬ್ರಿಟನ್ನಿನ ಕಾಲ ಮುಗಿಯಿತು, ಏಕಧ್ರುವದಿಂದ ಬಹುಧ್ರುವಕ್ಕೆ ಹೊರಳಿದೆವು ಎಂದು ಪ್ರಬಂಧ ಮಂಡಿಸಿರುತ್ತಿದ್ದರು. ಪ್ರಬಂಧದ ಶಾಯಿ ಆರುವ ಮುಂಚೆ ಬ್ರಿಟನ್ನು ಕೋಲಾರ, ಹೊಸಕೋಟೆಗಳ ದಾರಿ ಹಿಡಿದು ಫಿರಂಗಿ ಎಳೆದುಕೊಂಡು ಬರುತ್ತಿತ್ತು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. ಅದೇ ವರ್ಷ ದೇವನಹಳ್ಳಿ. ಅಕ್ಟೋಬರ್‌ನಲ್ಲಿ ನಂದಿದುರ್ಗ, ಯಾರ್ಕ್‌ಟೌನಿಗೆ ಹತ್ತು ವರ್ಷ ತುಂಬಿದ ತಿಂಗಳು. ಅಲ್ಲಿ ಒಡೆದ ಮೊಣಕಾಲಿಗೆ ಇಲ್ಲಿ ಪಟ್ಟಿ ಕಟ್ಟಿಕೊಂಡರು.

ಟಿಪ್ಪುವಿಗೆ ವಿದೇಶಾಂಗ ನೀತಿ ಇರಲಿಲ್ಲವೇ? ಈಗ ದೆಹಲಿಯವರು ಹೊಸದಾಗಿ ಕಂಡುಹಿಡಿದಂತೆ ಹೇಳುವ ಬಹುಮುಖ ಮೈತ್ರಿಯನ್ನು ಅವನು ಆಗಲೇ ಮಾಡಿ ಮುಗಿಸಿದ್ದ. 1787ರಲ್ಲಿ ಹೊರಟ ರಾಯಭಾರಿಗಳು ಮರುವರ್ಷ ಫ್ರಾನ್ಸಿನ 16ನೇ ಲೂಯಿಯ ಮುಂದೆ ನಿಂತರು. ಇಸ್ತಾಂಬುಲಿನ ಸುಲ್ತಾನನಿಗೆ ರಾಯಭಾರ ಹೋಯಿತು, ಕಾಬೂಲಿನ ಝಮಾನ್ ಷಾಗೆ ಕಾಗದ ಹೋಯಿತು. ಲೂಯಿ ದಂಡು ಕಳಿಸಲಿಲ್ಲ. ಸೆವ್ರ್‌ನ ಪಿಂಗಾಣಿ ಪಾತ್ರೆ ಕಳಿಸಿದ. 1799ರಲ್ಲಿ ನೆಪೋಲಿಯನ್ ಈಜಿಪ್ಟಿನಿಂದ ಧೈರ್ಯ ಹೇಳಿ ಪತ್ರ ಬರೆದ. ಅದು ದಾರಿಯಲ್ಲೇ ಬ್ರಿಟಿಷರ ಕೈ ಸೇರಿತು. ಅದಕ್ಕೂ ಮೊದಲೇ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ 3 ಕೋಟಿ 30 ಲಕ್ಷ ರೂಪಾಯಿ, ಅರ್ಧ ರಾಜ್ಯ, ಒತ್ತೆಗೆ ಇಬ್ಬರು ಗಂಡುಮಕ್ಕಳು ಹೋಗಿದ್ದರು. ಈಗಿನ ಒಪ್ಪಂದಗಳಲ್ಲಿ ಮಕ್ಕಳನ್ನು ಒತ್ತೆ ಕೇಳುವುದಿಲ್ಲ. ನಾವಾಗಿಯೇ ಸಾಲ ಮಾಡಿ, ಎಂ.ಎಸ್. ಓದಿಗೆಂದು ಕಳಿಸುತ್ತೇವೆ.

ಮೈಸೂರಿನ ಕಬ್ಬಿಣದ ರಾಕೆಟ್ಟುಗಳ ಕಥೆಯೂ ಅಮೆರಿಕಕ್ಕೇ ಹೋಗಿ ಮುಟ್ಟುತ್ತದೆ. ಬ್ರಿಟಿಷರು ಅವನ್ನು ವೂಲ್ವಿಚ್‌ಗೆ ಸಾಗಿಸಿದರು, ವಿಲಿಯಂ ಕಾಂಗ್ರೀವ್ ಅದೇ ಜಾಡಿನಲ್ಲಿ ತನ್ನ ಹೆಸರಿನ ರಾಕೆಟ್ಟು ಮಾಡಿದ, 1814ರಲ್ಲಿ ಅವು ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಸುರಿದವು. ಅದನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯವೇ 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾಯಿತು. ರಾಕೆಟ್ಟಿನ ಪ್ರಸ್ತಾಪ ಅದರಲ್ಲಿ ಇವತ್ತಿಗೂ ಇದೆ. ಅಮೆರಿಕನ್ನರು ಎದೆ ಮೇಲೆ ಕೈಯಿಟ್ಟು ಹಾಡುವ ತಂತ್ರಜ್ಞಾನ ವರ್ಗಾವಣೆ ಇದೊಂದೇ. ಬೌದ್ಧಿಕ ಹಕ್ಕಿನ ಬಗ್ಗೆ ನಮಗೆ ವರ್ಷವರ್ಷವೂ ಪಾಠ ಹೇಳುವ ಅವರ ಇಲಾಖೆಗೆ ಈ ರಾಯಧನದ ಬಾಕಿಯನ್ನು ಯಾವ ವಿದ್ವಾಂಸರೂ ಜ್ಞಾಪಿಸಿಲ್ಲ.

ಈಗ ಫೋನಿಗೆ ಬರೋಣ. 2025ರ ಮೇ ಮೊದಲಲ್ಲಿ ಆ್ಯಪಲ್ ಕಂಪನಿಯ ಟಿಮ್ ಕುಕ್, ಆ ತ್ರೈಮಾಸಿಕದಲ್ಲಿ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಹೆಚ್ಚಿನವು ಭಾರತದಲ್ಲಿ ತಯಾರಾದವಾಗಿರುತ್ತವೆ ಅಂದರು. ಮೇ 15ರಂದು ಡೊನಾಲ್ಡ್ ಟ್ರಂಪ್ ದೋಹಾದಲ್ಲಿ, ನೀನು ಭಾರತದಲ್ಲಿ ಕಟ್ಟುವುದು ನನಗೆ ಬೇಡ ಎಂದು ಕುಕ್‌ಗೆ ಹೇಳಿರುವುದಾಗಿ ಸಾರಿದರು. ಒಂದು ಕ್ಷಣ ನಿಂತು ಇದನ್ನು ನೋಡಬೇಕು. ಅಮೆರಿಕದ ಅಧ್ಯಕ್ಷರು ಕತಾರಿನಲ್ಲಿ ನಿಂತು, ತೈವಾನಿನ ಫಾಕ್ಸ್‌ಕಾನ್ ಕಂಪನಿ ಕ್ಯಾಲಿಫೋರ್ನಿಯದವರ ಫೋನು ಜೋಡಿಸಲೆಂದು ದೇವನಹಳ್ಳಿ ತಾಲ್ಲೂಕಿನ ದೊಡ್ಡಗೊಲ್ಲಹಳ್ಳಿ, ಚಪ್ಪರದಹಳ್ಳಿಗಳ 300 ಎಕರೆಯಲ್ಲಿ ಎಬ್ಬಿಸುತ್ತಿದ್ದಂಥ ಕಾರ್ಖಾನೆಗಳ ಮೇಲೆ ಮುನಿಸಿಕೊಂಡರು. ಅಲ್ಲಿನ ಸಾಲಿನಲ್ಲಿ ಕೆಲಸಕ್ಕೆ ನಿಂತವರು ಹೆಚ್ಚಾಗಿ ಹೆಣ್ಣುಮಕ್ಕಳು, ಎಷ್ಟೋ ಮಂದಿ ಬೇರೆ ರಾಜ್ಯದವರು. ಜುಲೈ ಹೊತ್ತಿಗೆ, ಫಾಕ್ಸ್‌ಕಾನ್‌ನ ಭಾರತದ ಘಟಕಗಳಿಂದ ಚೀನಾದ ನೂರಾರು ಎಂಜಿನಿಯರುಗಳನ್ನು ವಾಪಸು ಕರೆಸಿಕೊಂಡರೆಂಬ ವರದಿಯೂ ಬಂತು. ವಿದ್ವಾಂಸರು ಬಾಣ ಬಿಡಿಸಿ ತೋರಿಸುವ ಇಡೀ ಭೂಗೋಳ ಎರಡು ಹಳ್ಳಿಗಳ ಸರ್ವೆ ನಂಬರುಗಳಲ್ಲಿ ಮಡಚಿ ಕೂತಿತ್ತು. ಗೋಷ್ಠಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಚುಕ್ಕಿ, ‘ಪೂರೈಕೆ ಸರಪಳಿಯ ಪುನರ್ರಚನೆ’ ಎಂಬ ಸಾಲಿನ ಎಡಗಡೆ.

ದೋಹಾದ ಆ ಮಾತಿಗೆ ಷೇರುಪೇಟೆ ಹೇಗೆ ಪ್ರತಿಕ್ರಿಯಿಸಿತೆಂದು ಪತ್ರಿಕೆಗಳು ಬರೆದವು. ಮಾವಿನ ತೋಪು ಮಾರಿ, ಮೇಲೆ ಸಾಲ ಎತ್ತಿ, ಕಾರ್ಖಾನೆಯ ಹುಡುಗಿಯರಿಗೆಂದು ನಾಲ್ಕು ಅಂತಸ್ತಿನ ಪಿ.ಜಿ. ಎಬ್ಬಿಸುತ್ತಿದ್ದವನು ಹೇಗೆ ಪ್ರತಿಕ್ರಿಯಿಸಿದನೆಂದು ಯಾರೂ ಬರೆಯಲಿಲ್ಲ. ಅವನಿಗೆ ಎರಡು ದಿನ ಅನ್ನ ಇಳಿದಿರಲಿಕ್ಕಿಲ್ಲ. ಅಮೆರಿಕದ ವಿದೇಶಾಂಗ ನೀತಿಯನ್ನು ಅವನಷ್ಟು ಏಕಾಗ್ರತೆಯಿಂದ ಓದುವ ವಿದ್ಯಾರ್ಥಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲೂ ಸಿಗುವುದು ಕಷ್ಟ. ಅಲ್ಲಿ ನಪಾಸಾದರೆ ಇನ್ನೊಂದು ವರ್ಷ ಓದಬಹುದು. ಇಲ್ಲಿ ಕಂತು ತಪ್ಪಿದರೆ ಬ್ಯಾಂಕಿನವರು ಬರುತ್ತಾರೆ.

ಆಮೇಲೆ ಬಂದದ್ದು ಸುಂಕ. ಆಗಸ್ಟ್ 7ರಿಂದ ಶೇ 25, ರಷ್ಯಾದ ತೈಲ ಕೊಂಡ ತಪ್ಪಿಗೆ ಆಗಸ್ಟ್ 27ರಿಂದ ಇನ್ನೂ ಶೇ 25, ಕೂಡಿದರೆ 50. ಸ್ಮಾರ್ಟ್‌ಫೋನಿಗೆ ಮಾತ್ರ ವಿನಾಯಿತಿ. ಅಂದರೆ ಅಧ್ಯಕ್ಷರು ಬೇಡವೆಂದ ಫೋನು ದೇವನಹಳ್ಳಿಯಿಂದ ಸುಂಕವಿಲ್ಲದೆ ಸಲೀಸಾಗಿ ಹೋಯಿತು. ಯಾರೂ ಏನೂ ಅಂದಿರದ ಅಂಗಿ ದೊಡ್ಡಬಳ್ಳಾಪುರದಲ್ಲಿ ಶೇ 50ರ ಕೆಳಗೆ ಸಿಕ್ಕಿಕೊಂಡಿತು. ಮಾಸ್ಕೋದ ಎಣ್ಣೆ ಕೊಂಡವರು ಬೇರೆ, ಸಂಸ್ಕರಿಸಿ ಮಾರಿ ಲಾಭ ಎಣಿಸಿದವರು ಬೇರೆ. ಓವರ್‌ಟೈಮು ಕಳೆದುಕೊಳ್ಳುವ ಭಯ ಮಾತ್ರ ಜೋಡಿ ಸೂಜಿಯ ಯಂತ್ರದ ಮುಂದೆ ಕೂತವಳದು. ಅವಳು ಜೀವಮಾನದಲ್ಲಿ ರಷ್ಯಾದಿಂದ ಕೊಂಡದ್ದೇನೂ ಇಲ್ಲ. ಮನೆಯ ಒಲೆಗೆ ಸಿಲಿಂಡರ್ ಬುಕ್ ಮಾಡಿ ಎಸ್ಸೆಮ್ಮೆಸ್ಸಿಗೆ ಕಾಯುವವಳು. ಆ ಸುಂಕ ಮುಂದೆ ಏರಿಳಿದ ಕಥೆ ಬೇರೆ. ಆ ಮಳೆಗಾಲದಲ್ಲಿ ಇದನ್ನು ವಿದ್ವಾಂಸರು ಕರೆದದ್ದು ಹೀಗೆ: ಕಾರ್ಯತಂತ್ರದ ಸ್ವಾಯತ್ತತೆಗೆ ತೆರಬೇಕಾದ ಬೆಲೆ. ತೆರುವವರು ಯಾರು ಎಂಬ ಕಾಲಂ ಅವರ ಕೋಷ್ಟಕದಲ್ಲಿ ಇರಲಿಲ್ಲ.

ಸ್ವಾಯತ್ತತೆ ಅಂದದ್ದಕ್ಕೆ ಜ್ಞಾಪಕ ಬಂತು. ಈ ಜಿಲ್ಲೆಯಲ್ಲಿ ಆ ವಿಷಯದ ಮೇಲೆ ದೀರ್ಘವಾದ ಅಧ್ಯಯನವೊಂದು ನಡೆಯಿತು, ಮೂರು ವರ್ಷಕ್ಕೂ ಹೆಚ್ಚು. ಜಾಗ: ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ. ಏರೋಸ್ಪೇಸ್ ಪಾರ್ಕಿಗೆಂದು 13 ಹಳ್ಳಿಗಳ 1,777 ಎಕರೆ ಕೊಡಿ ಎಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೇಳಿತು. 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. ಮಧ್ಯೆ ಸರ್ಕಾರ ಬದಲಾಯಿತು, ಧರಣಿ ಬದಲಾಗಲಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಬೆಂಬಲ ಕೊಟ್ಟ ಸಿದ್ದರಾಮಯ್ಯ ಮುಖ್ಯಮಂತ್ರಿಯಾದ ಮೇಲೆ, ಅದೇ ಧರಣಿಯವರನ್ನು ಅವರ ಪೊಲೀಸರು ಎತ್ತಿ ವ್ಯಾನಿಗೆ ಹಾಕಿದರು. ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಭೂಸ್ವಾಧೀನ ಕೈಬಿಟ್ಟೆವೆಂದರು. ತಾವಾಗಿ ಕೊಡುವವರಿದ್ದರೆ ತಗೊಳ್ಳುತ್ತೇವೆಂದು ಬಾಲವೊಂದನ್ನು ಸೇರಿಸಿದರು. ಮಾತು ಮುಗಿಯುವ ಮುಂಚೆ ಪಕ್ಕದ ಆಂಧ್ರದ ಸಚಿವ ನಾರಾ ಲೋಕೇಶ್, ಏರೋಸ್ಪೇಸಿನವರೇ ಇತ್ತ ಬನ್ನಿ, ಬೆಂಗಳೂರಿನ ಪಕ್ಕದಲ್ಲೇ 8,000 ಎಕರೆಗೂ ಮೇಲೆ ತಯಾರಿದೆ ಎಂದು ಎಕ್ಸ್‌ನಲ್ಲಿ ಬರೆದರು. ಮಹಾಶಕ್ತಿಗಳ ಪೈಪೋಟಿ, ನೆರೆರಾಷ್ಟ್ರದ ಅವಕಾಶವಾದ, ಬೆಂಬಲಿಗನೇ ಆಳುವವನಾದಾಗ ಪಲ್ಟಿ ಹೊಡೆಯುವ ನೀತಿ, ಸಣ್ಣವರು ಒಗ್ಗಟ್ಟಾದರೆ ದೊಡ್ಡವರು ಹಿಂದೆಗೆಯುವುದು: ಅಂತರರಾಷ್ಟ್ರೀಯ ಸಂಬಂಧಗಳ ಪಠ್ಯಪುಸ್ತಕದ ಒಂದು ಅಧ್ಯಾಯವೂ ಬಾಕಿ ಉಳಿಯಲಿಲ್ಲ. ದುರದೃಷ್ಟ, ಎಲ್ಲ ಕನ್ನಡದಲ್ಲಿ ನಡೆಯಿತು. ಹಾಗಾಗಿ ಅದು ಅಂತರರಾಷ್ಟ್ರೀಯವೂ ಆಗಲಿಲ್ಲ, ಸಂಬಂಧವೂ ಆಗಲಿಲ್ಲ. ಸ್ಥಳೀಯ ಸಮಸ್ಯೆ ಆಯಿತು.

ಅದೇ ತಾಲ್ಲೂಕಿನಲ್ಲಿ ಮೊದಲೇ ಎದ್ದಿದ್ದ ಏರೋಸ್ಪೇಸ್ ಪಾರ್ಕಿನಲ್ಲಿ ಬೋಯಿಂಗಿನ ಕ್ಯಾಂಪಸ್ಸು ಇದೆ. 43 ಎಕರೆ, 1,600 ಕೋಟಿ ರೂಪಾಯಿ, 2024ರ ಜನವರಿಯಲ್ಲಿ ಪ್ರಧಾನಿಯವರಿಂದ ಉದ್ಘಾಟನೆ. ಅಮೆರಿಕದ ಹೊರಗೆ ಆ ಕಂಪನಿಯ ಅತಿ ದೊಡ್ಡ ಹೂಡಿಕೆಯಂತೆ. ನಮ್ಮ ವಿದ್ವಾಂಸರು ಅಮೆರಿಕ ಹಿಂದೆ ಸರಿಯುತ್ತಿದೆ ಎಂದು ಪ್ರಬಂಧ ಓದುವಾಗ, ಅದು ಯಾವ ಕಡೆಗೆ ಹಿಂದೆ ಸರಿಯುತ್ತಿದೆ ಎಂದು ಕಿಟಕಿಯಿಂದ ನೋಡಿದರೂ ಆಗುತ್ತಿತ್ತು. ಕಿಟಕಿಗೆ ಪರದೆ ಎಳೆದಿತ್ತು, ಸ್ಲೈಡು ಸರಿಯಾಗಿ ಕಾಣಲಿ ಎಂದು.

ಈ ಸೀಮೆಯವರಿಗೆ ವಿಶ್ವವ್ಯವಸ್ಥೆ ಹೊಸ ಸಂಗತಿಯಲ್ಲ. ಹಿಂದಿನವರು ಅದನ್ನು ಶಾಲೆಯಲ್ಲೇ ತಿಂದಿದ್ದಾರೆ, ಕೇರ್ ಸಂಸ್ಥೆ ಕಳಿಸಿದ ಹಳದಿ ಜೋಳದ ಉಪ್ಪಿಟ್ಟಾಗಿ, ಹಾಲಿನ ಪುಡಿಯಾಗಿ. 1966ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿಯ ಹಡಗನ್ನು ತಿಂಗಳು ತಿಂಗಳು ಲೆಕ್ಕ ಹಾಕಿ ಬಿಡುತ್ತಿದ್ದರು, ವಿಯೆಟ್ನಾಂ ಬಗ್ಗೆ ದೆಹಲಿ ಬಾಯಿ ಮುಚ್ಚಿಕೊಂಡಿರಲಿ ಎಂದು. ಆ ಉಪ್ಪಿಟ್ಟಿಗೆ ಉಪ್ಪು ಕಡಿಮೆ, ಷರತ್ತು ಜಾಸ್ತಿ.

ಇನ್ನು ರೇಷ್ಮೆ. ಇದೇ ತಾಲ್ಲೂಕಿನ ವಿಜಯಪುರದ ಗೂಡಿನ ಮಾರುಕಟ್ಟೆಗೆ ಚಂದ್ರಿಕೆಯಿಂದ ಬಿಡಿಸಿದ ಗೂಡು ತರುವವನಿಗೆ ಚೀನಾದ ಉದಯ ಎಂಬುದು ಪ್ರಬಂಧದ ತಲೆಬರಹವಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಚೀನಾ ಹರಾಜು ಕಟ್ಟೆಗೇ ಬಂದು ಕೂತಿತು, ಗೂಡಿನ ದರ ನೆಲ ಕಚ್ಚಿತು. ಇಳಿಸಿದ್ದು ಬೀಜಿಂಗ್ ಅಲ್ಲ. ಬೆಂಗಳೂರಿನ ಗುಲಾಬಿ ಈರುಳ್ಳಿ ಮಲೇಷ್ಯಾ, ಸಿಂಗಪುರದವರ ಬಾಯಿಗೆ ಹೊಂದಿದ್ದು, ನಮ್ಮವರು ಅಷ್ಟಾಗಿ ತಿನ್ನುವುದಿಲ್ಲ. 2023ರ ಆಗಸ್ಟ್‌ನಲ್ಲಿ ರಫ್ತಿಗೆ ಶೇ 40 ಸುಂಕ, ಸೆಪ್ಟೆಂಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ವಿನಾಯಿತಿ, ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತಿಗೇ ನಿಷೇಧ. ಇಷ್ಟನ್ನೂ ಹಾಕಿದ್ದು ಟ್ರಂಪ್ ಅಲ್ಲ ಎಂದು ದೊಡ್ಡಬಳ್ಳಾಪುರದ ರೈತನಿಗೆ ಗೊತ್ತು. ಆದ್ದರಿಂದಲೇ ಎರಡು ವರ್ಷದ ಮೇಲೆ ಸುಂಕದ ವಿರುದ್ಧ ದೇಶಾಭಿಮಾನದ ಭಾಷಣ ಕೇಳುವಾಗ ಅವನು ಸ್ವಲ್ಪ ಹಿಂದಿನ ಸಾಲಿನಲ್ಲಿ ಕೂತಿದ್ದ.

ಹಾಲಿನ ಗೋಷ್ಠಿಯೊಂದೇ ನನಗೆ ನಿಜಕ್ಕೂ ಹಿಡಿಸಿದ್ದು. ನಿಮ್ಮ ಮಾರುಕಟ್ಟೆ ನಮ್ಮ ಹೈನಿಗೆ ತೆರೆಯಿರಿ ಎಂದು ಅಮೆರಿಕ ಕೇಳುತ್ತಿದೆ. ನಿಮ್ಮ ಹಸು ಪ್ರಾಣಿಯ ರಕ್ತ, ಕರುಳು ಬೆರೆತ ಮೇವು ತಿಂದಿಲ್ಲವೆಂದು ಸರ್ಟಿಫಿಕೇಟ್ ತನ್ನಿ ಎಂದು ಭಾರತ ಹೇಳುತ್ತಿದೆ. ಮಾಂಸಾಹಾರಿ ಹಾಲು ಎಂಬ ಪದಾರ್ಥದ ಮೇಲೆ ಎರಡು ಅಣ್ವಸ್ತ್ರ ರಾಷ್ಟ್ರಗಳು ಮಾತುಕತೆ ನಡೆಸುತ್ತಿವೆ. 2019ರಲ್ಲಿ ನ್ಯೂಜಿಲೆಂಡಿನ ಹಾಲು ಬರುತ್ತದೆಂದು ಆರ್‌ಸಿಇಪಿ ಒಪ್ಪಂದದ ವಿರುದ್ಧ ಕೂಗಿದವರೂ ನಮ್ಮ ಹಾಲಿನವರೇ, ಭಾರತ ಆ ಒಪ್ಪಂದದಿಂದ ಹೊರಬಂತು. 2023ರಲ್ಲಿ ಗುಜರಾತಿನ ಅಮುಲ್ ಬರುತ್ತದೆಂದಾಗ ನಂದಿನಿಗಾಗಿ ಇಡೀ ರಾಜ್ಯ ಎದ್ದು ಕೂತಿತು. ನೆಲಮಂಗಲ ಕಡೆಯ ಡೇರಿಯಲ್ಲಿ ಬೆಳಿಗ್ಗೆ ಕ್ಯಾನು ಹಿಡಿದು ನಿಂತವಳಿಗೆ ವಿಸ್ಕಾನ್ಸಿನ್, ಆಕ್ಲೆಂಡ್, ಆಣಂದ್ ಮೂರೂ ಒಂದೇ ದಿಕ್ಕು. ಅವಳ ಸೀಮೆಹಸು ಮಾತ್ರ ಅಲಿಪ್ತ ನೀತಿಯದು, ಹಿಂಡಿ ಯಾರು ಹಾಕಿದರೂ ತಿನ್ನುತ್ತದೆ.

ಇಷ್ಟು ಹೇಳಿದ ಮೇಲೆ ಊರವರು ಜ್ಞಾನಿಗಳು, ವಿದ್ವಾಂಸರು ಮೂಢರು ಎಂದು ಯಾರಾದರೂ ತಿಳಿದರೆ ಕಷ್ಟ. ಹೊಸಕೋಟೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ದಮ್ ಬಿರಿಯಾನಿಗೆ ಸಾಲು ನಿಲ್ಲುತ್ತದಲ್ಲ, ಹೊತ್ತಿಗೆ ಸರಿಯಾಗಿ ಶುರುವಾಗುವ ಭೌಗೋಳಿಕ ರಾಜಕಾರಣದ ಗೋಷ್ಠಿ ಜಿಲ್ಲೆಯಲ್ಲಿ ಅದೊಂದೇ. ಹಂಡೆಯ ಮುಚ್ಚಳ ತೆಗೆಯುವ ತನಕ ಅಲ್ಲಿ ಪುಟಿನ್‌ಗೆ ಸಲಹೆ, ಷಿ ಜಿನ್‌ಪಿಂಗ್‌ಗೆ ಎಚ್ಚರಿಕೆ. “ಟ್ರಂಪ್ ನಮ್ಮೋನು ಕಣ್ಲಾ, ಇದೆಲ್ಲ ಹೊರಗಡೆ ನಾಟ್ಕ” ಎಂದು 2025ರ ಸುಂಕದ ನಂತರವೂ ಹೇಳುವವರಿದ್ದಾರೆ. 2019ರಲ್ಲಿ ಹ್ಯೂಸ್ಟನ್ನಿನ ಹೌಡಿ, 2020ರಲ್ಲಿ ಅಹಮದಾಬಾದಿನ ನಮಸ್ತೇ, ಎರಡನ್ನೂ ಫಾರ್ವರ್ಡ್ ಮಾಡಿದ ಬೆರಳುಗಳೇ ಆಮೇಲೆ ಅಮೆರಿಕದ ಸರಕು ಬಹಿಷ್ಕರಿಸಿ ಎಂಬುದನ್ನೂ ಫಾರ್ವರ್ಡ್ ಮಾಡಿದವು, ಅಮೆರಿಕದ ವಾಟ್ಸ್‌ಆ್ಯಪಿನಲ್ಲಿ. ಟಿ.ವಿ.ಯವರಂತೂ ಅಮೆರಿಕದ ಚುನಾವಣೆಯ ರಾತ್ರಿ ಜ್ಯೋತಿಷಿಯನ್ನೂ ಪ್ರಾಧ್ಯಾಪಕರನ್ನೂ ಒಂದೇ ಸೋಫಾದ ಮೇಲೆ ಕೂರಿಸುತ್ತಾರೆ. ಇಬ್ಬರಲ್ಲಿ ಜ್ಯೋತಿಷಿಯೇ ಎಚ್ಚರಿಕೆಯ ಮನುಷ್ಯ. ಶಾಂತಿ ಮಾಡಿಸಿದರೆ ದೋಷ ಪರಿಹಾರವಾದೀತು ಎಂದು ಒಂದು ದಾರಿ ಇಟ್ಟುಕೊಂಡು ಮಾತಾಡುತ್ತಾನೆ.

ಆದರೂ ಬಿರಿಯಾನಿಯ ಸಾಲಿನವನಿಗೂ ವೇದಿಕೆಯವನಿಗೂ ಒಂದು ವ್ಯತ್ಯಾಸ ಉಳಿಯುತ್ತದೆ. ತಪ್ಪು ಹೇಳಿದರೆ ಸಾಲಿನವನನ್ನು ಮರುದಿನ ಅದೇ ಜನ ಹಿಡಿದು ಕೇಳುತ್ತಾರೆ, ಏನಪ್ಪಾ ಯುದ್ಧ ಮೂರೇ ದಿನ ಅಂದಿದ್ದೆ ಎಂದು. ವೇದಿಕೆಯವನನ್ನು ಕೇಳುವವರಿಲ್ಲ. ಅವನು ಅಷ್ಟರಲ್ಲಿ ಇನ್ನೊಂದು ಊರಿನಲ್ಲಿ ಇರುತ್ತಾನೆ, ಅಲ್ಲಿಯೂ ಬದಲಾಗುತ್ತಿರುತ್ತದೆ.

ಈಚೆಗೆ ಅಂಥವರಲ್ಲಿ ಒಬ್ಬರಿಗೆ ಅಮೆರಿಕಕ್ಕೆ ಕರೆ ಬಂತೆಂದು ಇಟ್ಟುಕೊಳ್ಳಿ. ವಿಷಯ: ಅಮೆರಿಕದ ಯಜಮಾನಿಕೆಯ ಅಂತ್ಯ, ಹೆಚ್ಚೆಂದರೆ ಐದು ವರ್ಷ. ದುಡ್ಡು ಅಲ್ಲಿನದೇ ಒಂದು ಪ್ರತಿಷ್ಠಾನದ್ದು. 2025ರ ಜನವರಿ 17ರಂದು ಬೆಂಗಳೂರಿಗೂ ಅಮೆರಿಕದ ಕಾನ್ಸುಲೇಟ್ ಬಂತು, ರಿಬ್ಬನ್ನು ಕತ್ತರಿಸಿದರು, ಚಪ್ಪಾಳೆ ತಟ್ಟಿದರು. ವೀಸಾ ಕೊಡುವ ಕೆಲಸವೊಂದು ಇರಲಿಲ್ಲ. ಹಾಗಾಗಿ ನಮ್ಮ ವಿದ್ವಾಂಸರು ಹೊಸಕೋಟೆ ದಾಟಿ ಚೆನ್ನೈಗೆ ಹೋದರು, ಕಾರ್ನ್‌ವಾಲಿಸ್ ಬಂದ ದಿಕ್ಕಿಗೆ ಎದುರು ದಿಕ್ಕಿನಲ್ಲಿ. ಮೂರು ಗಂಟೆ ನಿಂತ ಮೇಲೆ ಗಾಜಿನ ಹಿಂದಿನಿಂದ ಇಪ್ಪತ್ತೈದರ ಹುಡುಗಿಯೊಬ್ಬಳು ಕೇಳಿದಳು: ಯಾಕೆ ಹೋಗುತ್ತಿದ್ದೀರಿ?

“ನಿಮ್ಮ ದೇಶದ ಪ್ರಾಬಲ್ಯ ಐದು ವರ್ಷದಲ್ಲಿ ಮುಗಿಯುತ್ತದೆಂದು ಪ್ರಬಂಧ ಮಂಡಿಸಲು.”

“ಸರಿ. ಎಷ್ಟು ದಿನಕ್ಕೆ ಬೇಕು?”

“ಹತ್ತು ವರ್ಷದ ವೀಸಾ ಕೊಟ್ಟುಬಿಡಿ, ಮೇಡಂ. ಮಗ ನ್ಯೂಜೆರ್ಸಿಯಲ್ಲಿ ಮನೆ ತಗೊಂಡಿದ್ದಾನೆ.”